ಬದುವಿನ ಮುತ್ತುಗ ಯಾರಿಗೆ ಭಾರ?

ವಿಭೂತಿ ಬುಧವಾರ ಕಳೆದು ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ ನಮ್ಮ ಹೊಸೂರು, ತಳಿ, ಅಂಚೆಟ್ಟಿ, ತಾಳವಾಡಿ ಕಡೆಯ ಬಯಲುಗಳಲ್ಲಿ ಹಸಿರು ಕಣ್ಣಿಗೆ ಬೀಳುವುದು ಅಪರೂಪ. ರಾಗಿಯ ಒಕ್ಕಣೆ ಮುಗಿದಿರುತ್ತದೆ, ಹುರುಳಿ ಕಿತ್ತಾಗಿರುತ್ತದೆ. ಕೊಳವೆಬಾವಿ ಇದ್ದವರ ಟೊಮೆಟೊ, ಕೋಸು ಬಿಟ್ಟರೆ ಉಳಿದದ್ದೆಲ್ಲ ಬೂದಿಬಣ್ಣ. ಅಂಥ ದಿನಗಳಲ್ಲಿ ಬದುವಿನ ಮೇಲೋ, ಗೋಮಾಳದ ಅಂಚಿನಲ್ಲೋ ಒಂದು ಸೊಟ್ಟ ಮರ, ಮೈಮೇಲೆ ಒಂದೇ ಒಂದು ಎಲೆಯಿಲ್ಲದೆ, ಬೆಂಕಿ ಹತ್ತಿಕೊಂಡ ಹಾಗೆ ಕೆಂಪಗೆ ನಿಂತಿರುತ್ತದೆ. ಅದೇ ನಮ್ಮ ಮುತ್ತುಗ. ಕೆಲವರು ಮುತ್ತಗ ಎನ್ನುತ್ತಾರೆ, ಕೆಲವರು ಮುತ್ತಲ. ತಮಿಳಿನ ನೆರೆಹೊರೆಯವರು ಪುರಸು, ಪಲಾಸು ಎನ್ನುತ್ತಾರೆ. ಚೆನ್ನೈನ ಪುರಸೈವಾಕ್ಕಂ ಈ ಮರದಿಂದಲೇ ಹೆಸರು ಪಡೆದದ್ದೆಂದು ಹೇಳುವುದುಂಟು. ತೆಲುಗಿನವರಿಗೆ ಇದು ಮೋದುಗ, ಮರಾಠಿಯವರಿಗೆ ಪಳಸ. ಗಡಿಯಲ್ಲಿ ಬದುಕುವ ನಮಗೆ ಒಂದೇ ಮರವನ್ನು ಮೂರು ನಾಲ್ಕು ಹೆಸರಿನಿಂದ ಕರೆಯುವುದು ಹೊಸದೇನಲ್ಲ.

ಈ ಸಂಚಿಕೆಯಲ್ಲಿ ಈ ಮರದ ಪರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಕಾರಣ ಇಷ್ಟೇ. ಹೊಲ ಮಟ್ಟ ಮಾಡಿಸಲು ಜೆಸಿಬಿ ಬಂದಾಗ ಮೊದಲು ಬುಡಮೇಲಾಗುವುದು ಮುತ್ತುಗವೇ. ಹಲಸನ್ನು ಬಿಡುತ್ತಾರೆ, ಹುಣಸೆಯನ್ನು ಬಿಡುತ್ತಾರೆ, ಬೇವನ್ನೂ ಒಮ್ಮೊಮ್ಮೆ ಬಿಡುತ್ತಾರೆ. ಮುತ್ತುಗ ಮಾತ್ರ 'ಕೆಲಸಕ್ಕೆ ಬಾರದ ಮರ'. ಹಣ್ಣಿಲ್ಲ, ದಿಮ್ಮಿಯಿಲ್ಲ, ಹೂವಿಗೆ ಪರಿಮಳವೂ ಇಲ್ಲ. ಸಂಸ್ಕೃತದ ಪಂಡಿತರು ಸಹ, ನೋಡಲು ಚೆಲುವನಾಗಿದ್ದು ವಿದ್ಯೆಯಿಲ್ಲದವನನ್ನು ಮುತ್ತುಗದ ಹೂವಿಗೆ ಹೋಲಿಸಿ ಹಾಸ್ಯ ಮಾಡಿದ್ದಾರೆ. ಪಂಡಿತರ ಹಾಸ್ಯ ಅವರಿಗಿರಲಿ. ಬೇಸಾಯ ಮಾಡುವ ನಾವು ಆ ಮಾತನ್ನು ನಂಬಿ ಮರ ಕಡಿದರೆ ನಷ್ಟ ನಮ್ಮದು.

ಮೊದಲು ಮರದ ಸ್ವಭಾವವನ್ನು ತಿಳಿಯೋಣ. ಯುರೋಪು, ಅಮೆರಿಕದಂಥ ಚಳಿದೇಶಗಳಲ್ಲಿ ಮೇಪಲ್, ಓಕ್ ಮುಂತಾದ ಮರಗಳು ಚಳಿಗಾಲ ಬರುವ ಮುನ್ನ ಎಲೆಗಳನ್ನು ಹಳದಿ, ಕೆಂಪು ಮಾಡಿಕೊಂಡು ಉದುರಿಸುತ್ತವೆ. ಅದನ್ನು ನೋಡಲು ಜನ ಕಾರು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ ಚಿತ್ರಗಳೂ ಅವೇ. ನಮ್ಮ ಕಡೆ ಮರಗಳು ಎಲೆ ಉದುರಿಸುವುದು ಹಿಮಕ್ಕೆ ಹೆದರಿ ಅಲ್ಲ, ನೀರಿನ ಕೊರತೆಗೆ ಹೆದರಿ. ಮಳೆ ನಿಂತು ಮಣ್ಣಿನ ತೇವ ಕೆಳಗಿಳಿದ ಮೇಲೆ ಎಲೆಗಳನ್ನು ಇಟ್ಟುಕೊಂಡರೆ ಅವುಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ಮುತ್ತುಗ ಚಳಿಗಾಲದಲ್ಲಿ ಎಲೆ ಕಳಚಲು ತೊಡಗಿ, ಫೆಬ್ರವರಿ ಹೊತ್ತಿಗೆ ಬೋಳಾಗುತ್ತದೆ. ಎಲೆ ಉದುರುವಾಗ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಬಣ್ಣವನ್ನೆಲ್ಲ ಅದು ಹೂವಿಗೆ ಉಳಿಸಿಕೊಂಡಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೋಳುಕೊಂಬೆಗಳ ತುಂಬ ಹೂವು. ಮರೆಮಾಡುವ ಎಲೆ ಇಲ್ಲದ್ದರಿಂದ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಹೂವಿನ ಒಂದು ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುವುದರಿಂದಲೇ ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕ ಎಂಬ ಹೆಸರು, 'ಇದೇನು ಗಿಳಿಯೇ?' ಎಂದು ಅದರ ಅರ್ಥ.

ಹೂವು ಬಿಡುವ ಈ ಸಮಯವೇ ಮುಖ್ಯವಾದ ವಿಷಯ. ಕುಂಟೆ ಒಣಗಿ, ಹುಳುಹುಪ್ಪಟೆ ಕಡಿಮೆಯಾಗಿ, ಕಾಡಿನಲ್ಲೂ ಹೊಲದಲ್ಲೂ ತಿನ್ನಲು ಏನೂ ಸಿಗದ ದಿನಗಳಲ್ಲಿ ಈ ಮರ ಮಕರಂದದ ಛತ್ರ ತೆರೆಯುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಹೂ ಬಿಟ್ಟ ಮುತ್ತುಗದ ಕೆಳಗೆ ಹತ್ತು ನಿಮಿಷ ನಿಂತು ನೋಡಿ. ಗೊರವಂಕ, ಗಿಳಿ, ಪಿಕಳಾರ, ಕಾಜಾಣ, ಕಾಗೆ, ಸೂರಕ್ಕಿ, ಮೂರು ಗೆರೆಯ ಅಳಿಲು, ಜೇನುಹುಳು, ಎಲ್ಲ ಒಂದೇ ಮರದಲ್ಲಿ. ಗಲಾಟೆಯೋ ಗಲಾಟೆ! ಪಕ್ಷಿತಜ್ಞ ಸಲೀಂ ಅಲಿಯವರು 1932ರಷ್ಟು ಹಿಂದೆಯೇ ಭಾರತದ ಹೂಮರಗಳಿಗೂ ಹಕ್ಕಿಗಳಿಗೂ ಇರುವ ಸಂಬಂಧದ ಬಗ್ಗೆ ಲೇಖನ ಬರೆದಿದ್ದರು. 2003ರಲ್ಲಿ ದೆಹಲಿಯ ಸಸ್ಯವಿಜ್ಞಾನಿಗಳು ಮುತ್ತುಗವನ್ನೇ ಆರಿಸಿಕೊಂಡು ಅಧ್ಯಯನ ಪ್ರಕಟಿಸಿದರು. ಬರುವ ಹಕ್ಕಿಗಳೆಲ್ಲ ಮರಕ್ಕೆ ಉಪಕಾರ ಮಾಡುವುದಿಲ್ಲ, ಹೆಚ್ಚಿನವು ಮಕರಂದ ಕದ್ದು ಹೋಗುತ್ತವೆ. ಪರಾಗವನ್ನು ಸರಿಯಾಗಿ ದಾಟಿಸುವ ಹಕ್ಕಿ ಹೆಬ್ಬೆರಳಿನಷ್ಟು ಗಾತ್ರದ ನೇರಳೆ ಸೂರಕ್ಕಿ, ಅದರ ಜೊತೆಗೆ ಅಳಿಲು ಎಂದು ಅವರು ಕಂಡುಕೊಂಡರು. ಅಷ್ಟೊಂದು ಹೂವು ಬಿಟ್ಟರೂ ಕಾಯಿ ಕಟ್ಟುವುದು ಸ್ವಲ್ಪವೇ. ಆ ಕಾಯಿಯಲ್ಲೂ ಒಂದೇ ಬೀಜ. ಹೀಗಿರುವಾಗ ಒಂದು ಮುತ್ತುಗ ಹೋದರೆ ಆ ಜಾಗಕ್ಕೆ ತಾನಾಗಿ ಇನ್ನೊಂದು ಬರುತ್ತದೆಂಬ ಭರವಸೆ ಕಡಿಮೆ. ಬುಡ ನೆಲದಲ್ಲಿದ್ದರೆ ಬೇರಿನಿಂದ ಚಿಗುರುಗಳು ಏಳುತ್ತವೆ, ಕೊಂಬೆ ಸವರಿದರೂ ಚಿಗುರುತ್ತದೆ. ಆದರೆ ಜೆಸಿಬಿಯ ಹಲ್ಲು ಬೇರನ್ನೂ ಬಿಡುವುದಿಲ್ಲ. ನಮ್ಮ ಅಜ್ಜಂದಿರ ಕೊಡಲಿಗೂ ಇಂದಿನ ಯಂತ್ರಕ್ಕೂ ಇರುವ ವ್ಯತ್ಯಾಸ ಅದು.

'ಹಕ್ಕಿಗಳಿಗೆ ಒಳ್ಳೆಯದಾದರೆ ನಮಗೇನು?' ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಟೊಮೆಟೊ, ಅವರೆ, ತೊಗರಿ ಬೆಳೆಯುವವರಿಗೆ ಕಾಯಿಕೊರಕ ಹುಳುವಿನ ಕಾಟ ಗೊತ್ತು. ಔಷಧಿ ಹೊಡೆದು ಹೊಡೆದು ಸಾಲ ಮಾಡಿದವರು ನಮ್ಮ ನಡುವೆಯೇ ಇದ್ದಾರೆ. ಕೃಷಿ ವಿಶ್ವವಿದ್ಯಾಲಯದವರು ಸಮಗ್ರ ಕೀಟ ನಿರ್ವಹಣೆಯಲ್ಲಿ ಏನು ಹೇಳುತ್ತಾರೆ? ಹೆಕ್ಟೇರಿಗೆ 50ರಂತೆ ಹೊಲದಲ್ಲಿ ಹಕ್ಕಿ ಕೂರುವ ಕೋಲುಗಳನ್ನು ನೆಡಿ, ಕಾಜಾಣದಂಥ ಹಕ್ಕಿಗಳು ಅವುಗಳ ಮೇಲೆ ಕುಳಿತು ಹುಳುಗಳನ್ನು ಹೆಕ್ಕಿ ತಿನ್ನುತ್ತವೆ ಎನ್ನುತ್ತಾರೆ. ಸಲಹೆ ಸರಿಯಾಗಿಯೇ ಇದೆ. ನಮಗೆ ನಗು ಬರುವುದು ಬೇರೆ ಕಾರಣಕ್ಕೆ. ಕಾಜಾಣ ತಾನಾಗಿಯೇ ಬಂದು ಕೂರುತ್ತಿದ್ದ ಮರವನ್ನು ಬಾಡಿಗೆ ಕೊಟ್ಟು ಕೀಳಿಸಿ, ಆ ಮೇಲೆ ಅದೇ ಕಾಜಾಣಕ್ಕೆಂದು ಕೋಲು ನೆಡುತ್ತೇವೆ! ಬೇಸಿಗೆಯಲ್ಲಿ ಮಕರಂದ ಕುಡಿದು ನಮ್ಮ ಬಯಲಿನಲ್ಲೇ ಉಳಿದ ಹಕ್ಕಿ ಮಳೆಗಾಲದಲ್ಲಿ ಹುಳು ತಿನ್ನಲೂ ಇಲ್ಲಿರುತ್ತದೆ. ಬೇಸಿಗೆಯಲ್ಲಿ ಹಸಿದು ಬೇರೆ ಕಡೆ ಹೋದ ಹಕ್ಕಿಯನ್ನು ಜುಲೈನಲ್ಲಿ ಯಾವ ಕೋಲು ಕರೆದು ತರುತ್ತದೆ?

ಎಲ್ಲ ಹಕ್ಕಿಯೂ ರೈತನ ಮಿತ್ರನೆಂದು ನಾವು ಹೇಳುವುದಿಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಮೈನಾಗಳು ಮುತ್ತುಗದ ಹೂವಿಗೆ ಮುತ್ತಿಕೊಳ್ಳುತ್ತವೆ. ಅವೇ ಹಕ್ಕಿಗಳು ಸೊಲ್ಲಾಪುರ, ಜತ್ತ ಕಡೆಯ ನಮ್ಮವರ ಜೋಳದ ತೆನೆಗೂ ಇಳಿಯುತ್ತವೆ. ಆದರೆ ಅವು ತಮ್ಮ ದೇಶಕ್ಕೆ ಮರಳಿ ಮರಿ ಮಾಡುವಾಗ ತಿನ್ನುವುದು ಮಿಡತೆಗಳನ್ನು. ಲೆಕ್ಕ ಯಾವಾಗಲೂ ಒಂದೇ ಕಡೆ ವಾಲುವುದಿಲ್ಲ.

ನೆರಳಿನ ದೂರೂ ಇದೆ. ಅದರಲ್ಲಿ ನಿಜವೂ ಇದೆ. ಮೇ ತಿಂಗಳಿಗೆ ಮುತ್ತುಗ ಮತ್ತೆ ಎಲೆ ತುಂಬಿಕೊಳ್ಳುತ್ತದೆ. ರಾಗಿ ಬೆಳೆಯುವ ಕಾಲಕ್ಕೆ ಅದರ ಕೆಳಗಿನ ಎರಡು ಮೂರು ಸಾಲು ಸೊರಗುವುದನ್ನು ನಾವೂ ನೋಡಿದ್ದೇವೆ. ಇದಕ್ಕೆ ಮರ ಕೀಳುವುದು ಪರಿಹಾರವಲ್ಲ, ಕೊಂಬೆ ಸವರುವುದು ಪರಿಹಾರ. ಮುತ್ತುಗ ಸವರುವಿಕೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹೂವು, ಕಾಯಿ ಮುಗಿದ ಮೇಲೆ, ಬಿತ್ತನೆಗೆ ಮುಂಚೆ, ಹೊಲದ ಕಡೆಗೆ ಚಾಚಿದ ಕೊಂಬೆಗಳನ್ನು ಮಾತ್ರ ತೆಗೆದರೆ ಸೌದೆಯೂ ಆಯಿತು, ಸೊಪ್ಪು ತಿಪ್ಪೆಗೂ ಆಯಿತು. ಎಮ್ಮೆ ಈ ಸೊಪ್ಪನ್ನು ತಿನ್ನುತ್ತದೆ. ಆಡು, ಕುರಿ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ಎಳೆಯ ಗಿಡಕ್ಕೆ ಮುಳ್ಳುಬೇಲಿ ಕಟ್ಟುವ ಶ್ರಮವೂ ಹೆಚ್ಚಿಲ್ಲ. ನೀರು ನಿಲ್ಲುವ ತಗ್ಗು, ಚೌಳು ನೆಲ, ಕರಿಮಣ್ಣು, ಬೇರೆ ಮರಗಳು ಮುಖ ಸಿಂಡರಿಸುವ ಜಾಗದಲ್ಲೂ ಇದು ಬದುಕುತ್ತದೆ. ರಾಯದುರ್ಗ, ಮಡಕಶಿರದ ಬರದ ಸೀಮೆಯಲ್ಲಿರುವ ನಮ್ಮ ಓದುಗರು ಇದನ್ನು ಗಮನಿಸಬೇಕು. ಹಾಳುಬಿದ್ದ ಚೌಳು ಮೂಲೆಗೆ ಇದಕ್ಕಿಂತ ತಾಳ್ಮೆಯ ಮರ ಸಿಗುವುದು ಕಷ್ಟ. ಬೆಳವಣಿಗೆ ಮಾತ್ರ ನಿಧಾನ, ಬಹಳ ನಿಧಾನ. ಅದಕ್ಕಾಗಿಯೇ ನಿಂತಿರುವ ಮರದ ಬೆಲೆ ಹೆಚ್ಚು.

ಹಿಂದಿನವರು ಇದರ ಯಾವ ಭಾಗವನ್ನೂ ಬಿಟ್ಟವರಲ್ಲ. ಬೇರಿನ ನಾರಿನಿಂದ ಹಗ್ಗ ಹೊಸೆದರು. ಬಿಸಿಲಿಗಿಟ್ಟರೆ ಬೇಗ ಹಾಳಾಗುವ ಈ ಮರ ನೀರಿನಲ್ಲಿ ಬಾಳಿಕೆ ಬರುತ್ತದೆಂದು ತಿಳಿದು ಬಾವಿಯ ಕಟ್ಟೆಗೆ ಉಪಯೋಗಿಸಿದರು. ಹೂವನ್ನು ಕುದಿಸಿ ಕೇಸರಿ ಬಣ್ಣ ತೆಗೆದರು. ಉತ್ತರ ಭಾರತದ ಹೋಳಿಯ ಹಳೆಯ ಬಣ್ಣ ಇದೇ. ಉತ್ತರ ಪ್ರದೇಶ, ಜಾರ್ಖಂಡ್ ಎರಡೂ ಇದನ್ನು ರಾಜ್ಯಪುಷ್ಪವಾಗಿ ಇಟ್ಟುಕೊಂಡಿವೆ. ಜಾರ್ಖಂಡಿನ ಕಡೆ ಅರಗಿನ ಹುಳು ಸಾಕುವುದಕ್ಕೆ ಮುತ್ತುಗ, ಸಗಡೆ, ಬೋರೆ ಈ ಮೂರು ಮರಗಳೇ ಆಧಾರ. ಅದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಹತ್ತಿರ ನಾಮಕುಮ್‌ನಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಬಂಗಾಳದ ಪಲಾಶಿ ಎಂಬ ಊರಿಗೂ ಹೆಸರು ಬಂದದ್ದು ಈ ಮರದಿಂದ. 1757ರ ಪ್ಲಾಸಿ ಕದನವೆಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಊರು.

ನಮ್ಮ ಕಡೆ ಮಾತ್ರ ಮುತ್ತುಗ ಎಂದರೆ ಊಟದ ಎಲೆ. ಇಸ್ತರಿ ಎಲೆ, ಪತ್ರಾವಳಿ, ದೊನ್ನೆ. ಮೂರು ಮೂರು ಎಲೆಗಳ ಗೊಂಚಲನ್ನು ಕಿತ್ತು ತಂದು, ನೆರಳಿನಲ್ಲಿ ಬಾಡಿಸಿ, ಕಡ್ಡಿ ಚುಚ್ಚಿ ಹೊಲಿದು, ಮೇಲೆ ಕಲ್ಲು ಹೇರಿ ಮಟ್ಟ ಮಾಡಿ ಒಣಗಿಸಿಡುತ್ತಿದ್ದರು. ಮಳೆಗಾಲದ ಮಧ್ಯಾಹ್ನಗಳಲ್ಲಿ ಅಜ್ಜಿಯಂದಿರಿಗೆ ಕೈಕೆಲಸ, ಸಂತೆಯ ದಿನ ನಾಲ್ಕು ಕಾಸು. ಬಿಸಿ ಅನ್ನ, ಸಾರು ಬಿದ್ದಾಗ ಆ ಎಲೆಯಿಂದ ಏಳುವ ಒಂದು ಒಗರು ಪರಿಮಳ ಬಲ್ಲವರೇ ಬಲ್ಲರು. ಊಟವಾದ ಮೇಲೆ ತಿಪ್ಪೆಗೆ ಎಸೆದರೆ ಗೊಬ್ಬರ. ಅದರ ಹಿಂದೆ ತೊಳೆಯುವ ನೀರಿನ ಖರ್ಚೂ ಇಲ್ಲ, ಸುಡುವ ಹೊಗೆಯೂ ಇಲ್ಲ.

ಈಗ ನಮ್ಮ ಹಬ್ಬದ ಊಟಗಳನ್ನು ನೋಡಿ. ತೇರು ಎಳೆದ ಮರುದಿನ ದೇವಾಲಯದ ಹಿಂದಿನ ಮೂಲೆಯಲ್ಲಿ ಏನು ಬಿದ್ದಿರುತ್ತದೆ? ಬೆಳ್ಳಿ ಬಣ್ಣದ ತಟ್ಟೆಗಳ ಗುಡ್ಡೆ. ಹಸುಗಳು ಅನ್ನದ ವಾಸನೆಗೆ ಬಂದು ತಟ್ಟೆಯನ್ನೂ ಅಗಿಯುತ್ತವೆ, ಸಂಜೆ ಯಾರೋ ಬೆಂಕಿ ಇಡುತ್ತಾರೆ. 'ಇದು ಪೇಪರ್ ತಟ್ಟೆ, ಪ್ಲಾಸ್ಟಿಕ್ ಅಲ್ಲ' ಎಂದು ಅಂಗಡಿಯವರು ಹೇಳುತ್ತಾರೆ. ಒಂದು ತಟ್ಟೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಗುರಿನಿಂದ ಕೆರೆದು ನೋಡಿ. ತೆಳುವಾದ ಪೊರೆ ಎದ್ದು ಬರುತ್ತದೆ. ಅದು ಪ್ಲಾಸ್ಟಿಕ್ಕೇ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ, ಪ್ಲಾಸ್ಟಿಕ್ ಪೊರೆ ಹಚ್ಚಿದ ಕಾಗದದ ತಟ್ಟೆಯೂ ಆ ಪಟ್ಟಿಯಲ್ಲಿದೆ. ಇಡೀ ದೇಶಕ್ಕೆ ಅನ್ವಯಿಸುವಂತೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಕಾನೂನು ಬಂದು ವರ್ಷಗಳಾದರೂ ಸಂತೆಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ, ನಾವೂ ಕೊಳ್ಳುತ್ತೇವೆ. ಒಂದು ಕಡೆ ಊಟದ ಎಲೆ ಬಿಡುವ ಮರವನ್ನು ಬೇರುಸಹಿತ ಕಿತ್ತು, ಇನ್ನೊಂದು ಕಡೆ ಕಾಸು ಕೊಟ್ಟು ನಿಷೇಧಿತ ತಟ್ಟೆ ತರುವುದನ್ನು ಯಾವ ಲೆಕ್ಕದಲ್ಲಿ ಅಭಿವೃದ್ಧಿ ಎನ್ನಬೇಕೋ ತಿಳಿಯದು.

ಕೈಯಲ್ಲಿ ಹೊಲಿದ ಎಲೆ ಸಾವಿರ ಜನರ ಊಟಕ್ಕೆ ಸಾಲುವುದಿಲ್ಲ, ಸಾರು ಸೋರುತ್ತದೆ ಎಂಬ ಆಕ್ಷೇಪವಿದೆ. ಸೋರುವುದು ಹೊಲಿಗೆ ಕೆಟ್ಟದ್ದಾದರೆ. ಎಣಿಕೆಯ ವಿಷಯದಲ್ಲಿ, ಹಬ್ಬಕ್ಕೆ ಮೂರು ತಿಂಗಳು ಮುಂಚೆ ಹತ್ತು ಮನೆಯವರು ದಿನಕ್ಕೆ ಇಪ್ಪತ್ತು ಎಲೆ ಹೊಲಿದರೂ ಎಷ್ಟಾಯಿತೆಂದು ನೀವೇ ಗುಣಿಸಿ. ಹಸಿರಾಗಿ ಕಿತ್ತು ಒಣಗಿಸಿ ಜೋಡಿಸಿಟ್ಟ ಎಲೆ ತಿಂಗಳುಗಟ್ಟಲೆ ಇರುತ್ತದೆ, ಆದರೆ ತೇವ ತಾಕಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಎಲೆಯಲ್ಲಿ ಊಟ ಬಡಿಸಬಾರದು. ಯಂತ್ರದಲ್ಲಿ ಬಿಸಿಯಿಂದ ಒತ್ತಿದ ಎಲೆತಟ್ಟೆಗಳೂ ಈಗ ಮಾರುಕಟ್ಟೆಯಲ್ಲಿವೆ. ಅವುಗಳ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕೊಳ್ಳಬೇಡಿ, ದಪ್ಪ ಕಾಗದ ಅಂಟಿಸಿದ್ದರೆ ಪರವಾಗಿಲ್ಲ. ನಮ್ಮ ಸ್ತ್ರೀಸಂಘದವರು ಇದನ್ನು ಒಂದು ಕೆಲಸವಾಗಿ ಹಿಡಿದರೆ ಕೊಳ್ಳುವವರು ನಮ್ಮಲ್ಲೇ ಇದ್ದೇವೆ. ಮದುವೆ, ನಾಮಕರಣ, ನಲವತ್ತರ ಊಟ, ವರ್ಷವಿಡೀ ಎಲೆ ಬೇಕೇ ಬೇಕು.

ಆರೋಗ್ಯದ ಅಂಕಣವಾದ್ದರಿಂದ ಮುತ್ತುಗದ ಬೀಜದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳ ಹೊಟ್ಟೆಯ ಜಂತುಹುಳುವಿಗೆ ಈ ಬೀಜದ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಡುವ ರೂಢಿ ಹಳೆಯದು. ಬೀಜದಲ್ಲಿ ಹುಳುವಿಗೆ ವಿರುದ್ಧವಾದ ಅಂಶವಿದೆ ಎಂಬುದು ಸುಳ್ಳಲ್ಲ. ಅದಕ್ಕೆ ಪಲಾಸೋನಿನ್ ಎಂಬ ಹೆಸರನ್ನೂ ಇಟ್ಟಿದ್ದಾರೆ. ಆದರೆ ಮನೆಯಲ್ಲಿ ಎಷ್ಟು ಕೊಟ್ಟರೆ ಔಷಧಿ, ಎಷ್ಟಕ್ಕೆ ವಿಷ ಎಂದು ಅಳೆಯುವವರಾರು? ಅಳತೆ ತಪ್ಪಿದರೆ ವಾಂತಿ, ಹೊಟ್ಟೆನೋವು. ಇಂದು ಆ ಸಾಹಸದ ಅಗತ್ಯವೇ ಇಲ್ಲ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. 2 ವರ್ಷ ದಾಟಿದವರಿಗೆ 400 ಮಿಲಿಗ್ರಾಂ, 1ರಿಂದ 2 ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ ಪುಡಿಮಾಡಿ. ಅಂದು ಮಗುವನ್ನು ಶಾಲೆ ತಪ್ಪಿಸಬೇಡಿ. ಬೀಜವನ್ನು ನಿಂಬೆರಸದಲ್ಲಿ ಅರೆದು ಹುಳುಕಡ್ಡಿಗೆ ಹಚ್ಚುವುದೂ ಬೇಡ, ಚರ್ಮ ಸುಟ್ಟಂತಾಗುತ್ತದೆ. ಭೇದಿಗೆ ಮುತ್ತುಗದ ಗೋಂದು ಕೊಡುವವರಿದ್ದಾರೆ. ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಓ.ಆರ್.ಎಸ್. ನೀರು, ಅದರ ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆ, 14 ದಿನ. ಮರದ ಪರ ಮಾತನಾಡುವವರು ಮರದ ಹೆಸರಿನಲ್ಲಿ ನಾಟಿ ವೈದ್ಯವನ್ನು ಮಾರಬಾರದೆಂಬುದು ನಮ್ಮ ನಿಲುವು.

ಇನ್ನು ಸಸಿಯ ಮಾತು. ತಮಿಳುನಾಡು ಸರಕಾರ 2022ರಲ್ಲಿ ಹಸಿರು ತಮಿಳುನಾಡು ಯೋಜನೆ ಆರಂಭಿಸಿ, ಕಾಡು ಮತ್ತು ಮರಗಳ ಹೊದಿಕೆಯನ್ನು ನೂರಕ್ಕೆ 33ಕ್ಕೆ ಏರಿಸಬೇಕೆಂದು ಗುರಿ ಇಟ್ಟುಕೊಂಡಿದೆ. ನಮ್ಮವರು ನರ್ಸರಿಗೆ ಹೋದರೆ ಕೇಳುವುದು ತೇಗ, ಮಹಾಗನಿ, ರಕ್ತಚಂದನ. ತಪ್ಪಲ್ಲ, ಮಗಳ ಮದುವೆಗೆ ಆಗುತ್ತದೆಂಬ ಆಸೆ. ಆದರೆ ಹೊಸ ಸಸಿಯ ಜೊತೆ ಫೋಟೋ ತೆಗೆಸಿಕೊಂಡ ವಾರದಲ್ಲೇ ಬದುವಿನ ಹಳೆಯ ಮರಕ್ಕೆ ಯಂತ್ರ ತರಿಸುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ. ಹೊಲ ಮಟ್ಟ ಮಾಡಿಸುವವರು ಕೆಲಸ ಶುರುವಾಗುವ ಹಿಂದಿನ ಸಂಜೆ ಬದುವಿನ ಉದ್ದಕ್ಕೆ ನಡೆದು, ಬಿಡಬೇಕಾದ ಮರಗಳ ಬುಡಕ್ಕೆ ಸುಣ್ಣ ಬಳಿದು ಗುರುತು ಮಾಡಿ. ಬೆಳಿಗ್ಗೆ ಡ್ರೈವರ್ ಬಂದ ಮೇಲೆ ಗಂಟೆಯ ಬಾಡಿಗೆಯ ಲೆಕ್ಕ ಓಡುತ್ತಿರುತ್ತದೆ. ಆಗ ಯೋಚಿಸಲು ಯಾರಿಗೂ ಬಿಡುವಿರುವುದಿಲ್ಲ.

ಹೊಸದಾಗಿ ಬೆಳೆಸುವ ಮನಸ್ಸಿದ್ದವರು ಮೇ-ಜೂನ್ ತಿಂಗಳಲ್ಲಿ ಉದುರುವ ಚಪ್ಪಟೆ ಕಾಯಿಗಳನ್ನು ಆರಿಸಿಕೊಳ್ಳಿ. ಬೀಜ ಕಾಯಿಯ ತುದಿಯಲ್ಲಿರುತ್ತದೆ. ಹಳೆಯ ಬೀಜ ಇಟ್ಟುಕೊಂಡು ಕಾಯಬೇಡಿ. ಆ ವರ್ಷದ್ದನ್ನು ಆ ವರ್ಷದ ಮೊದಲ ಮಳೆಗೇ ಬಿತ್ತಿ. ತಾಯಿಬೇರು ಆಳಕ್ಕಿಳಿಯುವ ಜಾತಿಯಾದ್ದರಿಂದ ಚೀಲದಲ್ಲಿ ಬೆಳೆಸಿ ನೆಡುವುದಕ್ಕಿಂತ ಬದುವಿನಲ್ಲಿ ಗುದ್ದಲಿಯಿಂದ ಮಣ್ಣು ಸಡಿಲಿಸಿ ನೇರವಾಗಿ ಎರಡೆರಡು ಬೀಜ ಊರುವುದು ಮೇಲು. ಮೊದಲ ಎರಡು ವರ್ಷ ಸುತ್ತ ಕಳೆ ತೆಗೆಯಿರಿ, ಬದುವಿಗೆ ಬೆಂಕಿ ಇಡಬೇಡಿ. ಹಳೆಯ ಮರದ ಬೇರಿನಿಂದ ಎದ್ದ ಚಿಗುರುಗಳಿದ್ದರೆ ಇನ್ನೂ ಸುಲಭ. ನೆಟ್ಟಗಿರುವ ಒಂದನ್ನು ಬಿಟ್ಟು ಉಳಿದವನ್ನು ಸವರಿಬಿಡಿ.